ಬೆನ್ನೆಲುಬಿನ ವೈದ್ಯವೂ ರಾಜ್ಯದ ಬೊಕ್ಕಸವೂ

ಡೆನ್ಮಾರ್ಕ್ ದೇಶದ ಪ್ರಜೆಯೊಬ್ಬನು ಬೆಳಗ್ಗೆ ಬೂಟಿನ ದಾರ ಕಟ್ಟಲೆಂದು ಬಗ್ಗಿದವನು ಮೇಲೇಳಲಾರದೆ, ಒಂದು ಕೈಯಲ್ಲಿ ಗೋಡೆಯನ್ನೂ ಇನ್ನೊಂದರಲ್ಲಿ ಸೊಂಟವನ್ನೂ ಹಿಡಿದು ನಿಂತನೆಂದರೆ, ಅವನು ತನ್ನ ಕುಟುಂಬವೈದ್ಯರ ಚೀಟಿಗಾಗಿ ಕಾಯಬೇಕಾದುದಿಲ್ಲ. ನೆಟ್ಟಗೆ, ಬೆನ್ನೆಲುಬನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವ ಕೈರೊಪ್ರಾಕ್ಟರರ ಬಳಿಗೆ ಹೋಗಬಹುದು. ಅಲ್ಲಿಯ ಶುಲ್ಕದ ದೊಡ್ಡ ಪಾಲನ್ನು ಅವನೇ ತೆರುತ್ತಾನೆ. ಸಣ್ಣದೊಂದು ಪಾಲನ್ನು, ಸುಮಾರಾಗಿ ಐದರಲ್ಲೊಂದನ್ನು, ಸಾರ್ವಜನಿಕ ಆರೋಗ್ಯನಿಧಿ ತೆರುತ್ತದೆ. ಅದೇ ನೋವು ಕೆನಡಾದ ಒಂಟಾರಿಯೊ ಪ್ರಾಂತದವನಿಗೆ ಬಂದರೆ, 2004ರ ಡಿಸೆಂಬರ್ 1ರಿಂದೀಚೆಗೆ ಆ ಪ್ರಾಂತದ ಸರ್ಕಾರಿ ವಿಮೆ ಇಂತಹ ಭೇಟಿಗೆ ಬಿಡಿಗಾಸನ್ನೂ ಕೊಡುವುದಿಲ್ಲ. ಅಮೆರಿಕದ ವೃದ್ಧನೊಬ್ಬನಿಗೆ ಬಂದರೆ ಅಲ್ಲಿಯ ಮೆಡಿಕೇರ್ ಯೋಜನೆ ಕೊಡುವುದುಂಟು. ಆದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಪಡಿಸಿದುದಕ್ಕೆ ಮಾತ್ರ, ಅದಕ್ಕೆ ಮೊದಲು ಮೈಯನ್ನು ಪರೀಕ್ಷಿಸಿದುದಕ್ಕಿಲ್ಲ, ತರುವಾಯ ವ್ಯಾಯಾಮ ಹೇಳಿಕೊಟ್ಟುದಕ್ಕೂ ಇಲ್ಲ. ನೋವು ಒಂದೇ, ವಿದ್ಯೆಯ ಹೆಸರೂ ಒಂದೇ. ಬೊಕ್ಕಸದ ಬಾಗಿಲು ಮಾತ್ರ ಮೂರೆಡೆ ಮೂರು ಬಗೆಯಾಗಿ ತೆರೆಯುತ್ತದೆ.

ಇದನ್ನು ಬರಿಯ ಹಣಕಾಸಿನ ಭೇದವೆಂದು ತಳ್ಳಿಬಿಡುವಂತಿಲ್ಲ. ಪ್ರಜೆಗಳ ತೆರಿಗೆಯಿಂದ ಒಂದು ಚಿಕಿತ್ಸೆಗೆ ಬೆಲೆ ಕಟ್ಟುವ ಸರ್ಕಾರವು ತಾನು ಕೊಳ್ಳುತ್ತಿರುವುದು ಏನನ್ನು ಎಂಬುದನ್ನು ಮೊದಲು ಅರಿತಿರಬೇಕು: ಕೈರೊಪ್ರಾಕ್ಟರರ ಕೈಚಳಕವನ್ನೊ, ಅವರ ಗುರುಪರಂಪರೆಯ ಸಿದ್ಧಾಂತವನ್ನೊ, ಅಥವಾ ಬೆನ್ನನ್ನು ಪರೀಕ್ಷಿಸಿ, ಇದು ತಾನಾಗಿಯೇ ಶಮನವಾಗತಕ್ಕ ನೋವು, ಇದು ಆಸ್ಪತ್ರೆಗೆ ಹೋಗಲೇಬೇಕಾದ ನೋವು ಎಂದು ವಿಂಗಡಿಸಬಲ್ಲ ಅವರ ವಿವೇಚನೆಯನ್ನೊ? ಈ ಮೂರರಲ್ಲಿ ಬೆಲೆ ಕೊಟ್ಟು ಕೊಳ್ಳಲು ಯೋಗ್ಯವಾದುದು ಮೂರನೆಯದೆಂಬುದೇ ನನ್ನ ಅಭಿಪ್ರಾಯ. ಮೊದಲನೆಯದು ಅದರೊಡನೆ ಬಂದರೆ ಬರಲಿ. ಎರಡನೆಯದನ್ನು ಧರ್ಮಾರ್ಥವಾಗಿ ಕೊಟ್ಟರೂ ಬೊಕ್ಕಸವು ಬೇಡವೆನ್ನಬೇಕು.

ಆ ಸಿದ್ಧಾಂತ ಹುಟ್ಟಿದ್ದು ಅಮೆರಿಕದ ಅಯೋವಾ ಸಂಸ್ಥಾನದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ. 1845ರಲ್ಲಿ ಕೆನಡಾದಲ್ಲಿ ಜನಿಸಿ, ಉಪಾಧ್ಯಾಯನಾಗಿಯೂ ಕಿರಾಣಿ ವ್ಯಾಪಾರಿಯಾಗಿಯೂ ಕೆಲವು ಕಾಲ ಕಳೆದು, ಕಡೆಗೆ ಅಂಗೈಯ ಅಯಸ್ಕಾಂತಶಕ್ತಿಯಿಂದ ರೋಗಗಳನ್ನು ನೀಗುವ ವೃತ್ತಿಯನ್ನು ಹಿಡಿದಿದ್ದ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು 1895ರ ಸೆಪ್ಟೆಂಬರ್ 18ರಂದು, ತಾನಿದ್ದ ಕಟ್ಟಡವನ್ನು ಗುಡಿಸಿ ಕಾಯುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿಮಂದನಾದ ಮನುಷ್ಯನ ಬೆನ್ನಿನಲ್ಲಿ ಉಬ್ಬಿದಂತಿದ್ದ ಮಣಿಯೊಂದನ್ನು ಒತ್ತಿ ಕೂರಿಸಿದನೆಂದೂ, ಹದಿನೇಳು ವರ್ಷದಿಂದ ಮುಚ್ಚಿದ್ದ ಕಿವಿ ಬೀದಿಯ ಗಾಡಿಯ ಸದ್ದಿಗೆ ತೆರೆಯಿತೆಂದೂ ಆ ಪಂಥದ ಐತಿಹ್ಯ. ಕಿವಿಯ ಶ್ರವಣನಾಡಿ ಬೆನ್ನೆಲುಬಿನ ಗೊಡವೆಗೇ ಹೋಗದೆ ತಲೆಬುರುಡೆಯೊಳಗೇ ಮೆದುಳನ್ನು ಸೇರುತ್ತದೆಂಬ ಶರೀರಶಾಸ್ತ್ರದ ಸಂಗತಿಯು ಪಾಮರನನ್ನು ತಡೆಯಲಿಲ್ಲ. ಬೆನ್ನುಮಣಿಗಳು ಕೊಂಚ ಸ್ಥಾನಪಲ್ಲಟವಾದರೆ ನರಗಳ ಮೂಲಕ ಹರಿಯುವ ಜೀವಚೈತನ್ಯಕ್ಕೆ ಅಡ್ಡಿಯುಂಟಾಗುತ್ತದೆ, ಬಹುಮಟ್ಟಿಗೆ ಎಲ್ಲ ರೋಗಗಳಿಗೂ ಇದೇ ಮೂಲ, ಆದುದರಿಂದ ಮಣಿಯನ್ನು ಕೂರಿಸುವುದೇ ಸಕಲ ಚಿಕಿತ್ಸೆ ಎಂದು ಅವನು ಸಾರಿದನು. ಈ ಸ್ಥಾನಪಲ್ಲಟಕ್ಕೆ ಸಬ್‌ಲಕ್ಸೇಷನ್ ಎಂದು ಹೆಸರಾಯಿತು. 1897ರಲ್ಲಿ ಪಾಠಶಾಲೆ ಏರ್ಪಟ್ಟಿತು; ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಪಾಮರನು ಸೆರೆಮನೆಯನ್ನೂ ಕಂಡನು. ಮಗನಾದ ಬಿ. ಜೆ. ಪಾಮರನಾದರೊ ವ್ಯಾಪಾರಬುದ್ಧಿಯಲ್ಲಿ ತಂದೆಯನ್ನು ಮೀರಿಸಿದವನು. ಶಾಲೆಗೆ ಎಕ್ಸ್-ರೇ ಯಂತ್ರವನ್ನು ತಂದವನೂ ಅವನೇ, ರೋಗಾಣುಗಳನ್ನು ಲೆಕ್ಕಿಸದೆ ಲಸಿಕೆಗಳನ್ನು ವಿರೋಧಿಸುವ ಸಂಪ್ರದಾಯವನ್ನು ಪಂಥದಲ್ಲಿ ಬೇರೂರಿಸಿದವನೂ ಅವನೇ.

ಸಿದ್ಧಾಂತವನ್ನು ಹೀಗೆ ಬದಿಗಿರಿಸಿದ ಮಾತ್ರಕ್ಕೆ ಕೈಯ ಕೆಲಸವೂ ಸುಳ್ಳಾಗುವುದಿಲ್ಲ. ಇಲ್ಲಿಯೇ ವಿಷಯವು ಸ್ವಾರಸ್ಯವಾಗುತ್ತದೆ. ಕೈರೊಪ್ರಾಕ್ಟರರು ಸೊಂಟದ ನೋವಿಗೆ ಮಾಡುವ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ರೋಗಿಯನ್ನು ಒಂದು ಮಗ್ಗುಲಾಗಿ ಮಲಗಿಸುತ್ತಾರೆ. ಮೇಲಿನ ಕಾಲಿನ ಮಂಡಿಯನ್ನು ಮಡಿಸಿ ಮುಂದಕ್ಕೆ ಎಳೆದು, ಮೇಲಿನ ಭುಜವನ್ನು ಹಿಂದಕ್ಕೆ ಸರಿಸಿ, ನಡುವನ್ನು ಬಟ್ಟೆ ಹಿಂಡುವಾಗಿನಂತೆ ಮೆಲ್ಲಗೆ ತಿರುಚುತ್ತಾರೆ. ಇನ್ನು ತಿರುಗದು ಎನ್ನುವ ಹಂತದಲ್ಲಿ, ಅಂಗೈಯ ಬುಡವನ್ನು ಸೊಂಟದ ಮಣಿಯ ಪಕ್ಕಕ್ಕೆ ಆನಿಸಿ, ಕ್ಷಣಾರ್ಧದಲ್ಲಿ, ಬಹು ಸ್ವಲ್ಪ ದೂರ, ಒಂದು ನೂಕು. ಲಟಕ್ಕೆಂದು ಸದ್ದಾಗುತ್ತದೆ. ಮೂಳೆ ಜಾಗಕ್ಕೆ ಕೂತಿತೆಂದು ರೋಗಿ ಸಂತೋಷಪಡುತ್ತಾನೆ. ಕೂತಿದ್ದೇನೂ ಇಲ್ಲ. ನಾವು ಬೆರಳಿನ ಲಟಿಕೆ ಮುರಿದಾಗ ಕೇಳುವುದೂ ಅದೇ ಸದ್ದು: ಕೀಲಿನೊಳಗಿನ ದ್ರವದಲ್ಲಿ ಒತ್ತಡ ಒಮ್ಮೆಗೇ ಇಳಿದು ಅನಿಲದ ಗುಳ್ಳೆಯೊಂದು ಮೂಡುವುದರಿಂದ ಆಗತಕ್ಕದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ಎಂಆರ್‌ಐ ಯಂತ್ರದೊಳಗೆ ಬೆರಳೊಂದನ್ನು ಎಳೆದು ಲಟಿಕೆ ಮುರಿಸಿ, ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಕಾಲದಲ್ಲಿ ಆ ಪೊಳ್ಳು ತೆರೆದುಕೊಳ್ಳುವುದನ್ನು ಚಿತ್ರದಲ್ಲಿ ಹಿಡಿದರು. ಸದ್ದಿನಿಂದಲೇ ಗುಣವಾಯಿತೆಂದು ನಂಬುವುದು ತಪ್ಪು. ಆ ಎಳೆತದಿಂದ ಸ್ನಾಯುಗಳ ಬಿಗುಪು ತಾತ್ಕಾಲಿಕವಾಗಿ ಸಡಿಲಿ ನೋವಿನ ಅರಿವು ಕೊಂಚ ತಗ್ಗುವುದು ಮಾತ್ರ ನಿಜವಿರಬಹುದು.

ಎಷ್ಟು ತಗ್ಗುತ್ತದೆ? ಹೊಸದಾಗಿ ಹಿಡಿದ ಸೊಂಟನೋವಿನ ವಿಷಯದಲ್ಲಿ 26 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ನೂರು ಅಂಶದ ನೋವಿನ ಅಳತೆಗೋಲಿನಲ್ಲಿ ಸುಮಾರು ಹತ್ತು ಅಂಶದ ಇಳಿತವನ್ನು ಕಂಡಿತು. ಹಳೆಯ ನೋವಿನ ವಿಷಯದಲ್ಲಿ 47 ಪ್ರಯೋಗಗಳನ್ನು ಪರಿಶೀಲಿಸಿದ 2019ರ ಇನ್ನೊಂದು ವಿಮರ್ಶೆ, ಈ ಕೈಚಿಕಿತ್ಸೆಯು ವ್ಯಾಯಾಮವೇ ಮೊದಲಾದ ಶಿಫಾರಸುಗೊಂಡ ಉಪಾಯಗಳಿಗೆ ಬಹುತೇಕ ಸಮವೆಂದಿತು. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಅದಕ್ಕೂ ಮಿಗಿಲಾಗಿ ನೆನಪಿಡಬೇಕಾದ ಒಂದು ಸಂಗತಿಯುಂಟು. ಏಕಾಏಕಿ ಹಿಡಿದ ಬೆನ್ನುನೋವು ಬಹುಜನರಲ್ಲಿ ಕೆಲವು ವಾರಗಳೊಳಗೆ, ಯಾರು ಮುಟ್ಟಿದರೂ ಮುಟ್ಟದಿದ್ದರೂ, ತಾನಾಗಿ ಇಳಿದುಹೋಗುತ್ತದೆ. ನೋವು ತುತ್ತತುದಿಗೇರಿದಾಗಲೇ ಜನ ವೈದ್ಯರನ್ನು ಹುಡುಕುವರಾದುದರಿಂದ, ಇಳಿಜಾರಿನ ಕೀರ್ತಿಯೆಲ್ಲ ಆ ಹೊತ್ತಿಗೆ ಯಾರು ಸಿಕ್ಕಿದರೊ ಅವರಿಗೆ ಸಲ್ಲುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಂಡರೆ ಉಳುಕು ಹೋಗುತ್ತದೆಂಬ ನಮ್ಮ ಹಳ್ಳಿಗಳ ನಂಬಿಕೆ ಇಷ್ಟು ಕಾಲ ಬಾಳಿದುದರ ಗುಟ್ಟೂ ಇದೇ. ಡ್ಯಾವೆನ್‌ಪೋರ್ಟಿನವರು ಅದನ್ನು ಪಾಠಶಾಲೆಯಾಗಿ ಕಟ್ಟಿದರು, ನಮ್ಮವರು ಕಟ್ಟಲಿಲ್ಲ, ಅಷ್ಟೆ.

ಅಮೆರಿಕದ ಕಥೆಯನ್ನು ಇನ್ನು ಚುಟುಕಾಗಿ ಹೇಳಿ ಮುಗಿಸಬಹುದು, ಏತಕ್ಕೆಂದರೆ ಅಲ್ಲಿ ಗೆದ್ದುದು ವೃತ್ತಿಯೇ ಹೊರತು ವಿವೇಕವಲ್ಲ. ಒಂದೊಂದಾಗಿ ಸಂಸ್ಥಾನಗಳು ಪರವಾನಗಿ ಕೊಡುತ್ತ ಬಂದವು. 1913ರಲ್ಲಿ ಕ್ಯಾನ್ಸಸ್‌ನಿಂದ ತೊಡಗಿದ ಈ ಕೆಲಸ 1974ರಲ್ಲಿ ಲೂಯಿಸಿಯಾನಾದೊಂದಿಗೆ ಮುಗಿಯಿತು. ಅಲ್ಲಿಯ ವೈದ್ಯರ ಮಹಾಸಂಘವು ಈ ಪಂಥವನ್ನು ನಿರ್ಮೂಲ ಮಾಡುವ ಸಂಕಲ್ಪದಿಂದ 1963ರಲ್ಲಿ ಸಮಿತಿಯೊಂದನ್ನು ನೇಮಿಸಿತು; ಕೈರೊಪ್ರಾಕ್ಟರರು 1976ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು; 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಸೆಂಡಾನರ್ ಅವರು ಸಂಘದ ಬಹಿಷ್ಕಾರವು ವ್ಯಾಪಾರಸ್ವಾತಂತ್ರ್ಯದ ಶಾಸನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಚಿಕಿತ್ಸೆ ಶಾಸ್ತ್ರೀಯವೆಂದು ಆ ತೀರ್ಪು ಹೇಳಲಿಲ್ಲವೆಂಬುದನ್ನು ಗೆದ್ದವರು ಅಷ್ಟಾಗಿ ಪ್ರಚಾರ ಮಾಡುವುದಿಲ್ಲ. ಇದಕ್ಕೆ ಮೊದಲೇ, 1972ರ ತಿದ್ದುಪಡಿಯಿಂದ, ಮೆಡಿಕೇರ್ ಶಾಸನದೊಳಕ್ಕೆ ಕೈರೊಪ್ರಾಕ್ಟಿಕ್ ಪ್ರವೇಶಿಸಿತ್ತು. ಅದೂ ಸಬ್‌ಲಕ್ಸೇಷನ್ ಸರಿಪಡಿಸುವ ಕ್ರಿಯೆಯೆಂಬ ಹೆಸರಿನಲ್ಲಿ. ಆ ಸ್ಥಾನಪಲ್ಲಟವನ್ನು ಎಕ್ಸ್-ರೇಯಲ್ಲಿ ತೋರಿಸಬೇಕೆಂಬ ನಿಬಂಧನೆ 1999ರ ಕೊನೆಯವರೆಗೂ ಜಾರಿಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಒಬ್ಬ ಅಯಸ್ಕಾಂತವೈದ್ಯನ ಕಲ್ಪನೆಯನ್ನು ಶಾಸನದ ಭಾಷೆಯಲ್ಲಿ ಪ್ರತಿಷ್ಠಾಪಿಸಿ, ಅದನ್ನು ಕಣ್ಣಿಗೆ ತೋರಿಸಲು ಲಕ್ಷಾಂತರ ಮುದುಕರ ಬೆನ್ನಿಗೆ ಕಿರಣ ಹಾಯಿಸಿದ ಸರ್ಕಾರ ಇನ್ನೊಂದಿರಲಾರದು. ಸಿದ್ಧಾಂತವನ್ನೂ ನೂಕನ್ನೂ ಕೊಂಡು, ವಿವೇಚನೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದ ಗಿರಾಕಿ ಅದು.

ಒಂಟಾರಿಯೊ ಪ್ರಾಂತದ ಅನುಭವವು ಬೇರೆ ತೆರನಾದುದು. ಅಲ್ಲಿ 1970ರಿಂದಲೂ ಸರ್ಕಾರಿ ವಿಮೆಯು ಕೈರೊಪ್ರಾಕ್ಟರರ ಭೇಟಿಗೆ, ವಾರ್ಷಿಕ ಮಿತಿಯೊಂದಕ್ಕೆ ಒಳಪಟ್ಟು, ಭಾಗಶಃ ಹಣ ಕೊಡುತ್ತಿತ್ತು. ಪ್ರಾಂತದ ಆರೋಗ್ಯ ಇಲಾಖೆಯ ಹಣದಿಂದಲೇ ಅಧ್ಯಯನ ಮಾಡಿದ ಆಟವಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಪ್ರಾಣ್ ಮಂಗಾ ಅವರು 1993ರಲ್ಲಿ, ಸೊಂಟನೋವಿನವರನ್ನು ವೈದ್ಯರಿಂದ ಕೈರೊಪ್ರಾಕ್ಟರರ ಕಡೆಗೆ ತಿರುಗಿಸಿದರೆ ಬೊಕ್ಕಸಕ್ಕೆ ಉಳಿತಾಯವೆಂದು ವರದಿ ಕೊಟ್ಟರು. ಹನ್ನೊಂದು ವರ್ಷದ ತರುವಾಯ ಅದೇ ಪ್ರಾಂತದ ಸರ್ಕಾರವು, ಆಯವ್ಯಯದ ಬಿಗಿತದಲ್ಲಿ, ಈ ಬಾಬನ್ನು ಪಟ್ಟಿಯಿಂದಲೇ ಹೊಡೆದುಹಾಕಿತು. ವರದಿ ಸುಳ್ಳೆಂದು ಯಾರೋ ಸಾಧಿಸಿ ತೋರಿಸಿದ ಮೇಲೆ ಹೀಗಾಯಿತೆಂದು ಭಾವಿಸಬೇಡಿ. ಆಸ್ಪತ್ರೆಯಲ್ಲಿ ಕುರ್ಚಿಯಿಲ್ಲದ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪೀಠವಿಲ್ಲದ ವೃತ್ತಿಯ ಹೆಸರನ್ನು ಅಳಿಸಲು ಗುಮಾಸ್ತನ ಒಂದು ಗೀರು ಸಾಕು.

ಆ ಗೀರಿನಿಂದ ಇನ್ನೊಂದು ನಷ್ಟವೂ ಆಯಿತು. ಅದನ್ನು ಯಾರೂ ಅಷ್ಟಾಗಿ ಎಣಿಕೆಗೆ ತೆಗೆದುಕೊಂಡಂತಿಲ್ಲ. ಕುತ್ತಿಗೆಯನ್ನು ತಟ್ಟನೆ ತಿರುಚಿದರೆ ಮೆದುಳಿಗೆ ರಕ್ತವೊಯ್ಯುವ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದೆಂಬ ಭಯವು ಈ ವೃತ್ತಿಯನ್ನು ಬಹುಕಾಲದಿಂದ ಕಾಡುತ್ತಿದೆ. ಅಪರೂಪವಾದರೂ ಘೋರವಾದ ಈ ಅಪಾಯವನ್ನು ಅಳೆಯುವುದು ಹೇಗೆ? ಒಂಟಾರಿಯೊದ ಸಂಶೋಧಕರಿಗೆ ಒಂದು ದಾರಿಯಿತ್ತು: ವೈದ್ಯರ ಭೇಟಿಗಳೂ ಕೈರೊಪ್ರಾಕ್ಟರರ ಭೇಟಿಗಳೂ ಒಂದೇ ಸರ್ಕಾರಿ ವಿಮೆಯ ಕಡತದಲ್ಲಿ ದಾಖಲಾಗಿದ್ದುವು. 1993ರಿಂದ 2002ರವರೆಗೆ ಇಡೀ ಪ್ರಾಂತದಲ್ಲಿ ಆಸ್ಪತ್ರೆ ಸೇರಿದ ಅಂತಹ 818 ಪಾರ್ಶ್ವವಾಯು ಪ್ರಕರಣಗಳನ್ನು ಅವರು ತಾಳೆ ನೋಡಿ 2008ರಲ್ಲಿ ಪ್ರಕಟಿಸಿದರು. ಕಿರಿಯ ವಯಸ್ಸಿನವರಲ್ಲಿ ಕೈರೊಪ್ರಾಕ್ಟರರ ಭೇಟಿಗೂ ಪಾರ್ಶ್ವವಾಯುವಿಗೂ ಸಂಬಂಧ ಕಂಡಿತು. ಆದರೆ ಕುತ್ತಿಗೆಯನ್ನು ಮುಟ್ಟದೆ ಗುಳಿಗೆ ಬರೆದುಕೊಟ್ಟು ಕಳುಹಿಸುವ ಸಾಮಾನ್ಯ ವೈದ್ಯರ ಭೇಟಿಗೂ ಅದೇ ಸಂಬಂಧ ಕಂಡಿತು. ಎಂದಮೇಲೆ, ಆಗಲೇ ಹರಿಯತೊಡಗಿದ ಧಮನಿಯ ನೋವೇ ಜನರನ್ನು ಇಬ್ಬರ ಬಾಗಿಲಿಗೂ ಅಟ್ಟುತ್ತಿರಬಹುದೆಂದು ಅವರು ಊಹಿಸಿದರು. ವಾದ ಇನ್ನೂ ನಿಂತಿಲ್ಲ. ಅಂತಹ ಹೊತ್ತಿನಲ್ಲಿ ಕುತ್ತಿಗೆಯನ್ನು ತಿರುಚುವುದು ಕ್ಷೇಮವೆಂದು ಇದರಿಂದ ಸಿದ್ಧವಾಗುವುದೂ ಇಲ್ಲ. ಆದರೆ ಇಂತಹ ಪ್ರಶ್ನೆಯನ್ನು ಕೇಳಲು ಬೇಕಾದ ಲೆಕ್ಕಪುಸ್ತಕವೇ 2004ರ ತರುವಾಯ ಆ ಪ್ರಾಂತದಲ್ಲಿ ಮುಚ್ಚಿಹೋಯಿತು. ಸರ್ಕಾರವು ಹಣ ಕೊಡುವುದನ್ನು ನಿಲ್ಲಿಸಿದಾಗ ನೋಡುವುದನ್ನೂ ನಿಲ್ಲಿಸಿರುತ್ತದೆ.

ತಮಾಷೆಯೆಂದರೆ, ಮುಂಬಾಗಿಲಿನಿಂದ ಹೊರಹಾಕಿದವರನ್ನು ಅದೇ ಸರ್ಕಾರ ಪಕ್ಕದ ಬಾಗಿಲಿನಿಂದ ಬರಮಾಡಿಕೊಂಡಿತು. ಬೆನ್ನಿನ ಶಸ್ತ್ರವೈದ್ಯರನ್ನು ಕಾಣಲು ತಿಂಗಳುಗಟ್ಟಲೆ ಸರದಿ, ಕಂಡ ಮೇಲೆ ಬಹುಮಂದಿಗೆ ಶಸ್ತ್ರಕ್ರಿಯೆಯೇ ಬೇಡವೆಂಬ ಉತ್ತರ, ನಡುವೆ ಎಂಆರ್‌ಐ ಸ್ಕ್ಯಾನಿನ ವೆಚ್ಚ. ಆ ಸ್ಕ್ಯಾನುಗಳಾದರೂ ಎಂತಹವು? ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ತೆಗೆದು ನೋಡಿದ ಅಧ್ಯಯನಗಳ ಪ್ರಕಾರ, ಮಣಿಗಳ ನಡುವಣ ಡಿಸ್ಕ್ ಸವೆದಿರುವುದು ಇಪ್ಪತ್ತರ ಹರೆಯದವರಲ್ಲಿ ನೂರಕ್ಕೆ 37 ಮಂದಿಗೆ, ಎಂಬತ್ತರ ಪ್ರಾಯದವರಲ್ಲಿ ನೂರಕ್ಕೆ 96 ಮಂದಿಗೆ. ಕೂದಲು ನರೆತಂತೆ ಅದೂ ಒಂದು. ಇದನ್ನು ಕಂಡು ಒಂಟಾರಿಯೊ ಸರ್ಕಾರವು 2012ರ ಸುಮಾರಿಗೆ ಟೊರಾಂಟೊ, ಹ್ಯಾಮಿಲ್ಟನ್ ಮತ್ತು ಥಂಡರ್ ಬೇ ಪಟ್ಟಣಗಳಲ್ಲಿ ಹೊಸದೊಂದು ಏರ್ಪಾಡನ್ನು ತಂದಿತು. ತರಬೇತಾದ ಫಿಜಿಯೋಥೆರಪಿಸ್ಟರೂ ಕೈರೊಪ್ರಾಕ್ಟರರೂ ರೋಗಿಯನ್ನು ಮೊದಲು ಕಂಡು, ಕಾಲು ನೆಟ್ಟಗೆತ್ತಿಸಿ, ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿ, ಪಾದದ ಸ್ಪರ್ಶಜ್ಞಾನವನ್ನು ನೋಡಿ, ಮೂತ್ರ ತಡೆಯುತ್ತದೆಯೆ, ಕೂರುವ ಜಾಗದಲ್ಲಿ ಜೋಮು ಹಿಡಿದಿದೆಯೆ, ಕಾರಣವಿಲ್ಲದೆ ಮೈ ಇಳಿದಿದೆಯೆ ಎಂದು ವಿಚಾರಿಸಿ, ಶಸ್ತ್ರವೈದ್ಯರ ಬಳಿಗೆ ಹೋಗಬೇಕಾದವರನ್ನು ಬೇಗನೆ ಕಳುಹಿಸಿ, ಉಳಿದವರಿಗೆ ಧೈರ್ಯವನ್ನೂ ವ್ಯಾಯಾಮವನ್ನೂ ಹೇಳಿ ಮನೆಗೆ ಕಳುಹಿಸುವುದು ಅದರ ಕ್ರಮ. ಮುಂದೆ ಇದು ಪ್ರಾಂತವ್ಯಾಪಿಯಾಯಿತು. ಅಲ್ಲಿ ಕೈರೊಪ್ರಾಕ್ಟರರು ಸಂಬಳ ಪಡೆಯುವುದು ಲಟಿಕೆ ಮುರಿಯುವುದಕ್ಕಲ್ಲ.

ಇದೇ ಫಲವನ್ನು ಡೆನ್ಮಾರ್ಕಿನವರು ಹೆಚ್ಚು ನೇರವಾದ ಹಾದಿಯಿಂದ ಪಡೆದರು. ಅಲ್ಲಿಯೂ ಮೊದಮೊದಲು ಕೈರೊಪ್ರಾಕ್ಟರರೆಂದರೆ ಅಮೆರಿಕಕ್ಕೆ ಹೋಗಿ ಕಲಿತುಬಂದವರು. 1970ರ ದಶಕದ ಕೊನೆಗೆ ಸಾರ್ವಜನಿಕ ನಿಧಿಯಿಂದ ಸಹಾಯಧನ ಬಂದಿತು. 1991ರ ಶಾಸನದಿಂದ ವೃತ್ತಿಗೆ ಅಧಿಕೃತ ಸ್ಥಾನವೂ ಬಂದಿತು. ಆದರೆ ನಿರ್ಣಾಯಕವಾದ ಹೆಜ್ಜೆ 1994ರದು. ಓಡೆನ್ಸ್ ನಗರದ ವಿಶ್ವವಿದ್ಯಾಲಯದಲ್ಲಿ, ಖಾಸಗಿ ಪಂಥಶಾಲೆಯಲ್ಲಲ್ಲ, ಕೈರೊಪ್ರಾಕ್ಟರರ ಶಿಕ್ಷಣ ಆರಂಭವಾಯಿತು. ಅದಕ್ಕೆ ಕೊಟ್ಟ ಹೆಸರಾದರೊ ಚಿಕಿತ್ಸಕ ಜೀವಯಂತ್ರಶಾಸ್ತ್ರವೆಂಬ ಅರ್ಥದ್ದು. ಮೊದಲ ವರ್ಷಗಳಲ್ಲಿ ವೈದ್ಯವಿದ್ಯಾರ್ಥಿಗಳೊಡನೆ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಶವವನ್ನು ಸೀಳಿ, ಒಂದೇ ಪರೀಕ್ಷೆಯನ್ನು ಬರೆದ ಹುಡುಗಹುಡುಗಿಯರು ಐದು ವರ್ಷದ ವ್ಯಾಸಂಗದ ಮೇಲೆ ಇನ್ನೊಂದು ವರ್ಷದ ಉಸ್ತುವಾರಿ ಸೇವೆಯನ್ನು ಮುಗಿಸಿದ ಹೊರತು ಸ್ವತಂತ್ರವಾಗಿ ವೃತ್ತಿ ನಡೆಸುವಂತಿಲ್ಲ. ಶ್ರವಣನಾಡಿ ಎಲ್ಲಿ ಹರಿಯುತ್ತದೆಂದು ಶವಾಗಾರದಲ್ಲಿ ಕಣ್ಣಾರೆ ಕಂಡವರಿಗೆ ಲಿಲ್ಲಾರ್ಡನ ಕಿವಿಯ ಕಥೆಯನ್ನು ಯಾರೂ ಖಂಡಿಸಿ ಹೇಳಬೇಕಾಗುವುದಿಲ್ಲ; ಅದು ತಾನಾಗಿ ಕಳಚಿಕೊಳ್ಳುತ್ತದೆ. ಅದಕ್ಕಿಂತಲೂ ಜಾಣತನದ್ದು ಹಣದ ಏರ್ಪಾಡು: ಚಿಕಿತ್ಸೆಯ ಮೇಲೆ ಸರ್ಕಾರ ಕೊಡುವ ಹಣದ ಒಂದಂಶವು ಸಂಶೋಧನೆಯ ನಿಧಿಗೆ ಹೋಗುವಂತೆ ಒಪ್ಪಂದ ಮಾಡಿಕೊಂಡರು. ತಮ್ಮ ವೃತ್ತಿಯನ್ನು ತಾವೇ ಪರೀಕ್ಷೆಗೊಡ್ಡಲು ವೃತ್ತಿಯವರೇ ಖರ್ಚು ಕೊಡುವುದು ಸಾಮಾನ್ಯವಾದ ಮಾತಲ್ಲ.

ಅದರ ಬೆಳೆಯನ್ನು ಇಂದು ಕಾಣಬಹುದು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಸೊಂಟನೋವಿನ ಕುರಿತು ಜಗತ್ತಿನ ಗಮನ ಸೆಳೆದ ಲೇಖನಮಾಲೆಯನ್ನು ಪ್ರಕಟಿಸಿದಾಗ, ಮೊದಲನೆಯ ಲೇಖನದ ಪ್ರಧಾನ ಕರ್ತೃ ಓಡೆನ್ಸಿನ ಪ್ರಾಧ್ಯಾಪಕ ಯಾನ್ ಹಾರ್ಟ್‌ವಿಗ್ಸನ್, ಮೂಲತಃ ಕೈರೊಪ್ರಾಕ್ಟರ್. ಅತಿಯಾದ ಸ್ಕ್ಯಾನು, ಅತಿಯಾದ ಅಫೀಮು ಜಾತಿಯ ಗುಳಿಗೆ, ಅತಿಯಾದ ಶಸ್ತ್ರಕ್ರಿಯೆ ಇವೆಲ್ಲವನ್ನೂ ಆ ಮಾಲೆ ಖಂಡಿಸಿತು; ಕೈಚಿಕಿತ್ಸೆಯನ್ನು ಸರ್ವರೋಗಹರವೆಂದು ಎಲ್ಲಿಯೂ ಹೊಗಳಲಿಲ್ಲ. ಡೆನ್ಮಾರ್ಕಿನ ಬೆನ್ನಿನ ಆಸ್ಪತ್ರೆಯೊಂದರಲ್ಲಿ ಸಂಧಿವಾತತಜ್ಞರು, ಶಸ್ತ್ರವೈದ್ಯರು, ಫಿಜಿಯೋಥೆರಪಿಸ್ಟರು, ಕೈರೊಪ್ರಾಕ್ಟರರು ಒಂದೇ ಸೂರಿನಡಿ ದುಡಿಯುತ್ತಾರೆ. ಓಡೆನ್ಸಿನವರೇ ರೂಪಿಸಿದ ವ್ಯಾಯಾಮಶಿಕ್ಷಣದ ಕ್ರಮವೊಂದನ್ನು ಫಿಜಿಯೋಥೆರಪಿಸ್ಟರೂ ಕೈರೊಪ್ರಾಕ್ಟರರೂ ಕೂಡಿ ಕಲಿಸುತ್ತಾರೆ. ದೋಷವಿಲ್ಲವೆಂದಲ್ಲ, ಶುಲ್ಕದ ಬಹುಪಾಲು ರೋಗಿಯ ಜೇಬಿನಿಂದಲೇ ಹೋಗುವುದರಿಂದ, ಹೊರೆ ಹೊತ್ತು ಬೆನ್ನು ಸವೆಸಿಕೊಂಡ ಬಡವನಿಗಿಂತ ಮೇಜಿನ ಮುಂದೆ ಕುಳಿತು ಬೆನ್ನು ಹಿಡಿಸಿಕೊಂಡ ಗುಮಾಸ್ತನಿಗೇ ಈ ಬಾಗಿಲು ಸಲೀಸು.

ಪಂಥದ ಹಳೆಯ ಚಾಳಿ ಎಲ್ಲ ಕಡೆಯೂ ಹೀಗೆ ಕಳಚಿಲ್ಲವೆಂಬುದನ್ನು ಮರೆಯುವಂತಿಲ್ಲ. ಹಸುಗೂಸುಗಳ ಅಳುವಿಗೂ ಉಬ್ಬಸಕ್ಕೂ ಬೆನ್ನೊತ್ತುವ ಚಿಕಿತ್ಸೆ ಮಾಡುವವರನ್ನು ಟೀಕಿಸಿದ್ದಕ್ಕಾಗಿ ಇಂಗ್ಲೆಂಡಿನ ವಿಜ್ಞಾನಲೇಖಕ ಸೈಮನ್ ಸಿಂಗ್ ಅವರು 2008ರಿಂದ ಎರಡು ವರ್ಷ ಮಾನನಷ್ಟದ ಮೊಕದ್ದಮೆಯಲ್ಲಿ ಸಿಲುಕಿ ಗೆದ್ದುಬಂದರು. ಆ ದೇಶದ ಮಾನನಷ್ಟ ಕಾನೂನು 2013ರಲ್ಲಿ ತಿದ್ದುಪಡಿಯಾಗಲು ಅದೂ ಒಂದು ಪ್ರೇರಣೆ. ಆಸ್ಟ್ರೇಲಿಯಾದಲ್ಲಿ ಎರಡು ವಾರದ ಕೂಸನ್ನು ತಲೆಕೆಳಗಾಗಿ ಹಿಡಿದ ವಿಡಿಯೊ ಹರಡಿ ಕೋಲಾಹಲವಾದ ಮೇಲೆ, 2019ರಲ್ಲಿ ಅಲ್ಲಿಯ ಕೈರೊಪ್ರಾಕ್ಟಿಕ್ ಮಂಡಳಿಯು ಹನ್ನೆರಡು ವರ್ಷದೊಳಗಿನ ಮಕ್ಕಳ ಬೆನ್ನೆಲುಬಿನ ಮೇಲೆ ಈ ಪ್ರಯೋಗವನ್ನು ತಡೆಹಿಡಿಯಿತು. ಲಸಿಕೆಯ ವಿಷಯದಲ್ಲಿ ಬಿ. ಜೆ. ಪಾಮರನ ಮಾತನ್ನೇ ಆಡುವವರು ಸರ್ಕಾರದ ಹಣ ಪಡೆಯುವ ಜಾಗದಲ್ಲಿ ಕುಳಿತರಂತೂ, ಒಂದು ಬೆನ್ನಿಗೆ ಆದ ಉಪಕಾರ ಒಂದು ಊರಿನ ದಡಾರದಲ್ಲಿ ತೇಲಿಹೋದೀತು.

2020ರಲ್ಲಿ ಜಗತ್ತಿನಾದ್ಯಂತ ಸುಮಾರು 61 ಕೋಟಿ 90 ಲಕ್ಷ ಜನಕ್ಕೆ ಸೊಂಟನೋವು ಇತ್ತೆಂದು ಅಂದಾಜು. 2050ಕ್ಕೆ ಅದು 84 ಕೋಟಿ ಮೀರಬಹುದಂತೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮ, ಮನಶ್ಶಾಸ್ತ್ರೀಯ ಚಿಕಿತ್ಸೆಗಳೊಡನೆ ಬೆನ್ನೆಲುಬಿನ ಕೈಚಿಕಿತ್ಸೆಗೂ ಮಾಲೀಸಿಗೂ ಸ್ಥಳವುಂಟು. ಸೊಂಟದ ಪಟ್ಟಿಯನ್ನೂ ತೂಕ ಕಟ್ಟಿ ಎಳೆಯುವುದನ್ನೂ ಬೇಡವೆಂದಿದೆ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಈ ಬೇಡವೆಂದ ಎರಡೇ ಇನ್ನೂ ಮೊದಲು ಸಿಕ್ಕುವುವು, ನೋವಿನ ಇಂಜೆಕ್ಷನ್ನಿನ ಜೊತೆಗೆ.

ಭಾರತದಲ್ಲಿ ಕೈರೊಪ್ರಾಕ್ಟಿಕ್ಕಿಗೆ ಶಾಸನಬದ್ಧವಾದ ಮಂಡಳಿಯಿಲ್ಲ. ಆದರೂ ಬೆಂಗಳೂರಿನಲ್ಲಿ ಆ ಹೆಸರಿನ ಫಲಕಗಳು ಹೆಚ್ಚುತ್ತಿವೆ, ಕುತ್ತಿಗೆ ಲಟಕ್ಕೆನ್ನಿಸುವ ವಿಡಿಯೊಗಳನ್ನು ಜನ ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೂಳೆ ಮುರಿದರೆ ಆಂಧ್ರದ ಪುತ್ತೂರಿನ ಕಟ್ಟಿಗೆಂದು ಬಸ್ಸು ಹತ್ತುವ, ಸೊಂಟ ಹಿಡಿದರೆ ಕಟಿಬಸ್ತಿಗೆಂದು ಆಯುರ್ವೇದದವರಲ್ಲಿ ಹೋಗುವ ನಮ್ಮ ಜನಕ್ಕೆ ಕೈಯಿಂದ ಮುಟ್ಟಿಸಿಕೊಳ್ಳುವ ವೈದ್ಯದ ಬರವಿಲ್ಲ. ಒಂಟಾರಿಯೊದವರು ಪಕ್ಕದ ಬಾಗಿಲಿನಿಂದ ಒಳಗೆ ಕರೆದ ಆ ಪರೀಕ್ಷಕರಿಗೇ ಇಲ್ಲಿ ಬರ. ಆ ಕೆಲಸಕ್ಕೆ, 2021ರ ಶಾಸನದಿಂದ ರಾಷ್ಟ್ರೀಯ ಆಯೋಗದ ಚೌಕಟ್ಟಿಗೆ ಬಂದಿರುವ ಫಿಜಿಯೋಥೆರಪಿಸ್ಟರೇ ನಮ್ಮಲ್ಲಿದ್ದಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಅವರಿಗೆ ಸಾಕಷ್ಟು ಹುದ್ದೆಗಳನ್ನು ಕೊಡುವವರು ಬೇಕು. ಅಷ್ಟರೊಳಗೆ ಫಲಕ ನೋಡಿ ಒಳಹೊಕ್ಕವರು, ಕಲಿತದ್ದು ಯಾವ ವಿಶ್ವವಿದ್ಯಾಲಯದಲ್ಲಿ, ಎಷ್ಟು ವರ್ಷ ಎಂದು ವಿಚಾರಿಸಿಕೊಳ್ಳಲಿ. ನೋವು ಇಳಿದ ಮೇಲೂ ಬರಬೇಕೆಂದು ಇಪ್ಪತ್ತು ಭೇಟಿಗಳ ಮುಂಗಡ ಕೇಳಿದರೆ ಹಣ ಕಟ್ಟದೆ ಎದ್ದು ಬರಲಿ.